ಗ್ಯಾರೇಜ್ ಕಟ್ಟೆ: ಹೊಸ್ತಿಲ ಮೇಲೆ ಕುಳಿತು ಹಿಂದಕ್ಕೆ ತೆಗೆಯುವ ಕಾರು

ಪ್ರಶ್ನೆ: ಹಿಂದಿನ ಸಂಚಿಕೆಯಲ್ಲಿ ಮಾತಿನ ನಡುವೆ ‘ನಾನೊಮ್ಮೆ ಲ್ಯಾಂಬೊರ್ಗಿನಿ ಕುಂತಾಚ್ ಓಡಿಸಿದ್ದೆ’ ಎಂದು ಬರೆದು ಸುಮ್ಮನೆ ಮುಂದೆ ಹೋಗಿಬಿಟ್ಟಿರಿ. ಇದು ನ್ಯಾಯವೇ? ಪಿಯುಸಿ ಓದುವಾಗ ನನ್ನ ಹಾಸ್ಟೆಲ್ ಗೋಡೆಯ ಮೇಲೆ ಅದರ ಪೋಸ್ಟರ್ ಇತ್ತು. ಓಡಿಸಲು ಹೇಗಿರುತ್ತದೆ? ಹೆಸರಿನ ಅರ್ಥವೇನು? ಬಾಗಿಲು ಮೇಲಕ್ಕೇಕೆ ಏಳುತ್ತದೆ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ತಪ್ಪಾಯಿತು. ಆದರೆ ‘ಓಡಿಸಿದ್ದೆ’ ಎಂಬುದೇ ದೊಡ್ಡ ಮಾತು. ಒಟ್ಟು 11 ಕಿಲೋಮೀಟರ್. ಪೊಟ್ಟಣ ಕಟ್ಟುವ ಯಂತ್ರಗಳ ತರಬೇತಿಗೆಂದು ಕಂಪನಿಯವರು ನನ್ನನ್ನು ಇಟಲಿಯ ಬೊಲೋನ್ಯಾಕ್ಕೆ ಕಳುಹಿಸಿದ್ದರು. ಅಲ್ಲಿನ ಸಹೋದ್ಯೋಗಿಯ ಭಾವನಿಗೆ ಹಳೆಯ ಕಾರುಗಳನ್ನು ರಿಪೇರಿ ಮಾಡುವ ಗ್ಯಾರೇಜ್. ಲ್ಯಾಂಬೊರ್ಗಿನಿ ಕಾರ್ಖಾನೆ ಇರುವ ಸಾಂತಾಗಾತಾ ಬೊಲೊನ್ಯೇಸೆ ಅಲ್ಲಿಂದ ಹತ್ತಿರ. ನಾನು ದಿನವೂ ಹೋಗಿ ನಿಲ್ಲುವುದನ್ನು ನೋಡಿ ಬೇಸತ್ತೋ ಏನೋ, ಒಂದು ಭಾನುವಾರ ಅವರು ಕೀಲಿಕೈ ಕೊಟ್ಟರು.

ಅದು 1985ರಲ್ಲಿ ಬಂದ ಕ್ವಾತ್ರೊವಾಲ್ವೊಲೆ (ಸಿಲಿಂಡರಿಗೆ ನಾಲ್ಕು ವಾಲ್ವ್) ಮಾದರಿ: 12 ಸಿಲಿಂಡರ್, 5167 ಸಿಸಿ, 455 ಅಶ್ವಶಕ್ತಿ. ನನ್ನ ಅನುಭವವೆಲ್ಲ ಅಂಬಾಸಿಡರ್‌ನದು. ಒಳಗೆ ಕೂರುವುದೇ ಒಂದು ಯೋಗಾಸನ. ಕಾರಿನ ಎತ್ತರ ನನ್ನ ಸೊಂಟಕ್ಕಿಂತ ತುಸು ಹೆಚ್ಚು, ಅಷ್ಟೇ. ಅಗಲವಾದ ಹೊಸ್ತಿಲ ಮೇಲೆ ಮೊದಲು ಕುಳಿತು, ಆಮೇಲೆ ಕಾಲುಗಳನ್ನು ಒಳಗೆ ಎಳೆದುಕೊಳ್ಳಬೇಕು. ಮುಂದಿನ ಚಕ್ರಕ್ಕೆ ಜಾಗ ಬೇಕಾದ್ದರಿಂದ ಪೆಡಲ್‌ಗಳು ನಡುವಿನ ಕಡೆಗೆ ಸರಿದಿವೆ. ಮೈ ಒಂದು ಕಡೆ, ಕಾಲು ಇನ್ನೊಂದು ಕಡೆ. ಕ್ಲಚ್ ತುಳಿದಾಗ ನಮ್ಮ ಊರಿನ ಹಳೆಯ ಲಾರಿಗಳು ನೆನಪಾದವು. ಮೊದಲನೇ ಗೇರ್ ಎಡಕ್ಕೆ, ಹಿಂದಕ್ಕೆ. ನಾನು ಅಭ್ಯಾಸಬಲದಿಂದ ಮುಂದಕ್ಕೆ ತಳ್ಳುತ್ತಲೇ ಇದ್ದೆ.

ನಿಂತಲ್ಲಿ ತಿರುಗಿಸಲು ಸ್ಟಿಯರಿಂಗ್ ಕಲ್ಲಿನಂತೆ. ಚಕ್ರ ಉರುಳಿದ ಕೂಡಲೇ ಅದಕ್ಕೆ ಜೀವ ಬಂತು. ರಸ್ತೆಯ ಸಣ್ಣ ತೇಪೆಯೂ ಅಂಗೈಗೆ ತಿಳಿಯುತ್ತಿತ್ತು. ನಿಮಿಷಕ್ಕೆ 4000 ಸುತ್ತು ದಾಟುವವರೆಗೆ ಎಂಜಿನ್ ಗೊಣಗುತ್ತಿತ್ತು. ಆಮೇಲೆ ಗಾಳಿಗೆ ಪೆಟ್ರೋಲ್ ಬೆರೆಸುವ ಆರು ವೆಬರ್ ಕಾರ್ಬ್ಯುರೇಟರ್‌ಗಳು ಗಾಳಿ ಹೀರುವ ಸದ್ದು ನೇರ ಹಿಂದಲೆಗೇ ಬಡಿಯಿತು. ಪಕ್ಕದಲ್ಲಿದ್ದ ಗ್ಯಾರೇಜ್ ಮಾಲೀಕರು ಏನೋ ಕೂಗಿದರು. ಏನೆಂದು ಇವತ್ತಿಗೂ ಗೊತ್ತಿಲ್ಲ. ಬೆವರು ಧಾರಾಕಾರ. ಕಿಟಕಿಯ ಗಾಜಿನಲ್ಲಿ ಕೆಳಗಿಳಿಯುವುದು ಸಣ್ಣದೊಂದು ತುಂಡು ಮಾತ್ರ.

ಸೊಗಸಿರುವುದು ಗೇರ್ ಹಾಕುವುದರಲ್ಲಿ. ಇದರ ಹಿಂದಿನ ಮಿಯುರಾ ಕಾರಿನಲ್ಲಿ ಎಂಜಿನ್ ಅಡ್ಡಲಾಗಿತ್ತು. ಎಂಜಿನಿಯರ್ ಪಾವೊಲೊ ಸ್ತಾನ್ಸಾನಿ ಇಲ್ಲಿ ಅದನ್ನು ಉದ್ದಕ್ಕೆ ತಿರುಗಿಸಿ, ಗೇರ್‌ಬಾಕ್ಸನ್ನು ಎಂಜಿನ್ನಿನ ಮುಂದೆ, ಎರಡು ಸೀಟುಗಳ ನಡುವೆ ತಂದರು. ಅಲ್ಲಿಂದ ಒಂದು ಶಾಫ್ಟ್ (ತಿರುಗುವ ದಂಡ) ಎಂಜಿನ್ನಿನ ಆಯಿಲ್ ಸಂಪ್, ಅಂದರೆ ತಳದ ಎಣ್ಣೆ ತೊಟ್ಟಿಯ ಮೂಲಕವೇ ಹಾದು, ಹಿಂದಿನ ಎರಡು ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಶಿಯಲ್ ತಲುಪುತ್ತದೆ. ಭಾರವೆಲ್ಲ ನಡುವಿಗೆ ಬಂತು, ಗೇರ್ ಕಡ್ಡಿ ನೇರ ಗೇರ್‌ಬಾಕ್ಸಿಗೇ ಇಳಿಯಿತು. ಜನ ಬಾಗಿಲು ನೋಡುತ್ತಾರೆ, ನಾನು ಈ ಶಾಫ್ಟಿಗೆ ಕೈಮುಗಿಯುತ್ತೇನೆ.

ಇನ್ನು ಬಾಗಿಲು. ಕಾರಿನ ರೂಪ ಬಿಡಿಸಿದ, ಬೆರ್ತೋನೆ ವಿನ್ಯಾಸ ಸಂಸ್ಥೆಯ ಮಾರ್ಚೆಲ್ಲೊ ಗಾಂದೀನಿ ಇಂಥದ್ದನ್ನು 1968ರ ಆಲ್ಫಾ ರೋಮಿಯೊ ಕರಾಬೊದಲ್ಲೇ ಮಾಡಿದ್ದರು. ಕಾರಣ ಶೋಕಿಯೊಂದೇ ಅಲ್ಲ. ಈ ಕಾರಿನಲ್ಲಿ ಹಿಂದೆ ಏನೂ ಕಾಣುವುದಿಲ್ಲ. ನಾನು ಓಡಿಸಿದ ಮಾದರಿಯಲ್ಲಿ ಕಾರ್ಬ್ಯುರೇಟರ್‌ಗಳ ಗೂನು ಇದ್ದಬದ್ದ ಕಿಂಡಿಯನ್ನೂ ಮುಚ್ಚಿತ್ತು. ರಿವರ್ಸ್ ಹಾಕಬೇಕಾದರೆ ಬಾಗಿಲು ಎತ್ತಿ, ಹೊಸ್ತಿಲ ಮೇಲೆ ಕುಳಿತು, ಕತ್ತು ಹೊರಗೆ ಚಾಚಿ ನೋಡುತ್ತಾ ತೆಗೆಯಬೇಕು. ನನಗೆ ಆ ಧೈರ್ಯ ಬರಲಿಲ್ಲ. ಮಾಲೀಕರೇ ತೆಗೆದರು, ಬಾಯಲ್ಲಿ ಸಿಗರೇಟು ಬೇರೆ.

ಹೆಸರಿನದು ತಮಾಷೆಯ ಕಥೆ. ಕಾರು ತಯಾರಾಗುತ್ತಿದ್ದಾಗ ಅಲ್ಲಿ ಬೀಗದ ಕೆಲಸ ಮಾಡುವ ಎರಡು ಮೀಟರ್ ಎತ್ತರದ ಒಬ್ಬರಿದ್ದರು, ಇಟಲಿಯ ಪಿಯೆಮೊಂಟೆ ಸೀಮೆಯ ಭಾಷೆ ಬಿಟ್ಟರೆ ಇನ್ನೊಂದು ಆಡುತ್ತಿರಲಿಲ್ಲ ಎಂದು ಗಾಂದೀನಿಯೇ ಹೇಳಿದ್ದಾರೆ. ಅವರ ಬಾಯಲ್ಲಿ ಮಾತುಮಾತಿಗೆ ‘ಕುಂತಾಚ್’. ಪದದ ಅರ್ಥ ಪ್ಲೇಗು, ಅಂಟುಜಾಡ್ಯ. ಆದರೆ ಬಳಸುವುದು ಬೆರಗಿಗೆ, ಮೆಚ್ಚುಗೆಗೆ. ನಮ್ಮಜ್ಜಿ ಮೊಮ್ಮಗನ ಜಾಣತನ ಕಂಡು ‘ಎಲಾ ಇವನ ಮನೆ ಹಾಳಾಗ!’ ಎನ್ನುತ್ತಿದ್ದರಲ್ಲ, ಹಾಗೆ.

1971ರ ಜಿನೀವಾ ಪ್ರದರ್ಶನಕ್ಕೆ ಬಂದದ್ದು ಹಳದಿ ಬಣ್ಣದ ನುಣುಪಾದ ಮಾದರಿ. ಓಡಿಸಿ ನೋಡಿದರೆ ಎಂಜಿನ್ ವಿಪರೀತ ಬಿಸಿಯಾಗುತ್ತಿತ್ತು. ಹಾಗಾಗಿ ಗಾಳಿಗಂಡಿಗಳು, ಗಾಳಿ ಹಿಡಿಯಲು ಕಿವಿಯಂತೆ ಚಾಚಿದ ಗೂಡುಗಳು ಮೂಡಿದವು. ಆ ಮೊದಲ ಕಾರು ಕೊನೆಗೆ ಅಪಘಾತ ಪರೀಕ್ಷೆಗೆ ಬಲಿಯಾಯಿತು. ಮಾರಾಟಕ್ಕೆ ಬಂದದ್ದು 1974ರಲ್ಲಿ, ನಿಂತದ್ದು 1990ರಲ್ಲಿ. ಅಷ್ಟು ವರ್ಷಗಳಲ್ಲಿ ತಯಾರಾದವು ಎರಡು ಸಾವಿರಕ್ಕೂ ಕಡಿಮೆ. ನಿಮ್ಮ ಪೋಸ್ಟರಿನಲ್ಲಿ ಹಿಂದೆ ದೊಡ್ಡ ರೆಕ್ಕೆ ಇದ್ದಿರಬೇಕು, ಅಲ್ಲವೇ? ಅದು ಕಾರಿನ ಗರಿಷ್ಠ ವೇಗವನ್ನು ತಗ್ಗಿಸುತ್ತದೆ. ಪೋಸ್ಟರಿಗೆ ಚೆಂದ, ಬಿಡಿ.

ಪ್ರಶ್ನೆ: ಹಳೆಯ ಕಾರುಗಳ ಬಗ್ಗೆ ಇಷ್ಟೆಲ್ಲ ಬರೆಯುವ ನೀವು ಮೈಲೇಜ್ ಮಾತ್ರ ಏಕೆ ಹೇಳುವುದಿಲ್ಲ?
– ಓದುಗರೊಬ್ಬರು, ಗದಗ

ಉತ್ತರ: ಮೇಲಿನ ಕಾರಿಗೆ ಎರಡು ಟ್ಯಾಂಕ್, ಒಟ್ಟು 120 ಲೀಟರ್. ಇಳಿದ ತಕ್ಷಣ ನಾನೂ ಇದನ್ನೇ ಕೇಳಿದ್ದೆ. ಮಾಲೀಕರು ಕೀಲಿಕೈಯನ್ನು ಜೇಬಿಗೆ ಹಾಕಿಕೊಂಡು ಕಾಫಿ ತರಿಸಿದರು.