ಗ್ರಾಮರ್ ಜಾಸ್ತಿಯಾದ ಹಾಗೆ

ಮೇಷ್ಟ್ರೇ,

ಕಳೆದ ಸಂಚಿಕೆಯಲ್ಲಿ ನೈಜೀರಿಯಾದ ಕೆನ್ ಸಾರೋ-ವಿವಾ ಬೇಕೆಂದೇ ಹರಕುಮುರುಕು ಇಂಗ್ಲಿಷಿನಲ್ಲಿ ಬರೆದ 'ಸೋಜಾಬಾಯ್' ಕಾದಂಬರಿಯ ಬಗ್ಗೆ ಬಂದ ಲೇಖನ ಓದಿ ನಿಮಗೆ ಸಿಟ್ಟು ಬಂದಿದೆ. "ನಮ್ಮ ಹುಡುಗರು ಬರೆದರೆ ಕೆಂಪು ಗೆರೆ, ಆಫ್ರಿಕಾದವರು ಬರೆದರೆ ಸಾಹಿತ್ಯವೇ? ಕನ್ನಡಕ್ಕೆ ತರುವವರೂ ತಪ್ಪುತಪ್ಪಾಗಿ ಬರೆಯಬೇಕೇ?" ಎಂದು ಕೇಳಿದ್ದೀರಿ. ಮೂವತ್ತು ವರ್ಷ ಇಂಗ್ಲಿಷ್ ಪಾಠ ಹೇಳಿದವರು ಕೇಳದೆ ಇನ್ಯಾರು ಕೇಳಬೇಕು!

ಸಾರೋ-ವಿವಾ ಇಬಾದಾನ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷನ್ನೇ ಓದಿದವರು. 1985ರ ಈ ಪುಸ್ತಕಕ್ಕೆ 'ಕೊಳೆತ ಇಂಗ್ಲಿಷಿನ ಕಾದಂಬರಿ' ಎಂದು ಉಪಶೀರ್ಷಿಕೆ ಇಟ್ಟವರೂ ಅವರೇ. ಕತೆ ಹೇಳುವ ಮೆನೆ ಲಾರಿ ಓಡಿಸುವುದನ್ನು ಕಲಿಯುತ್ತಿರುವ ಕ್ಲೀನರ್ ಹುಡುಗ. ಯುದ್ಧ ಯಾಕೆ, ಯಾರ ಮೇಲೆ ಎಂದು ತಿಳಿಯದೆಯೇ ಸೈನ್ಯ ಸೇರುತ್ತಾನೆ. ಅವನ ಬಾಯಲ್ಲಿ 'ಗ್ರಾಮರ್' ಅಂದರೆ ದೊಡ್ಡವರು ಆಡುವ, ತನಗೆ ಅರ್ಥವಾಗದ ಇಂಗ್ಲಿಷ್. ಮೊದಲ ಪುಟಗಳಲ್ಲೇ ಅವನ ಲೆಕ್ಕ ಬರುತ್ತದೆ: ಮೊದಮೊದಲು ಗ್ರಾಮರ್ ಕಮ್ಮಿಯಿತ್ತು, ಜನ ಖುಷಿಯಾಗಿದ್ದರು, ಗ್ರಾಮರ್ ಜಾಸ್ತಿಯಾದ ಹಾಗೆ ತಾಪತ್ರಯ ಜಾಸ್ತಿಯಾಯಿತು, ತಾಪತ್ರಯ ಜಾಸ್ತಿಯಾದ ಹಾಗೆ ಸಾಯುವವರೂ ಜಾಸ್ತಿಯಾದರು. ಈ ಮಾತನ್ನು ಶುದ್ಧ ಗ್ರಾಮರಿನಲ್ಲಿ ಬರೆಯುವುದು ಹೇಗೆ, ನೀವೇ ಹೇಳಿ.

ಇನ್ನು ಕನ್ನಡದ ಪ್ರಶ್ನೆ. ನಾನು 'ಮೊದಮೊದಲು' ಎಂದೆನಲ್ಲ, ಮೆನೆ ಹೇಳುವುದು 'ಬಿಫೋರ್ ಬಿಫೋರ್'. ನಿಮ್ಮ ಕೆಂಪು ಪೆನ್ನು ಅಲ್ಲೇ ನಿಲ್ಲುತ್ತದೆ. ಪಕ್ಕದ ತರಗತಿಯ ಕನ್ನಡ ಪಂಡಿತರು ಅದಕ್ಕೆ ದ್ವಿರುಕ್ತಿ ಎಂದು ಹೆಸರು ಹೇಳಿ ಪೂರ್ತಿ ಅಂಕ ಕೊಡುತ್ತಾರೆ! ಇಂಥದೇ ಇನ್ನೊಂದು: ಐವರಿ ಕೋಸ್ಟಿನ ಅಹ್ಮದು ಕುರುಮಾ 1968ರ ತಮ್ಮ ಮೊದಲ ಕಾದಂಬರಿಯನ್ನು ಶುರುಮಾಡುವುದೇ ಒಂದು ಸಾವಿನಿಂದ. ಆದರೆ ತಾವು ಬರೆಯುವ ಫ್ರೆಂಚಿನಲ್ಲಿ ಅವರು 'ಸತ್ತ' ಎನ್ನುವುದಿಲ್ಲ. ಕೋನೆ ಇಬ್ರಾಹಿಮಾ 'ಮುಗಿದು' ಒಂದು ವಾರವಾಗಿತ್ತು ಎನ್ನುತ್ತಾರೆ. ತಮ್ಮ ಜನರ ಮಾಲಿಂಕೆ ಭಾಷೆಯಲ್ಲಿ ಹೇಳುವುದಾದರೆ, ಸಣ್ಣದೊಂದು ನೆಗಡಿಯನ್ನು ಅವನು ತಡೆದುಕೊಳ್ಳಲಿಲ್ಲ ಎಂದೂ ಸೇರಿಸುತ್ತಾರೆ. ಪ್ಯಾರಿಸ್ಸಿನ ಓದುಗ ಎಡವುವ ಕಡೆ ನಾವು 'ತೀರಿಕೊಂಡ' ಎಂದು ಓದಿಕೊಂಡು ಮುಂದೆ ಹೋಗುತ್ತೇವೆ.

ಅನುವಾದಕರ ಪೇಚಾಟ ಇರುವುದು ಇಲ್ಲಿ. ಅಲ್ಲಿನ ತಪ್ಪು ಕನ್ನಡಕ್ಕೆ ಬಂದ ಕೂಡಲೇ ಸರಿಯಾಗಿಬಿಡುತ್ತದೆ. ಬೇಕೆಂದೇ ಹರಕುಮುರುಕು ಕನ್ನಡ ಕೊಟ್ಟರೆ ಮೆನೆ ಸಿನಿಮಾದ ಹಾಸ್ಯಪಾತ್ರವಾಗುತ್ತಾನೆ. ಕುಂದಾಪುರದ್ದೋ ಕಲಬುರಗಿಯದೋ ಕೊಟ್ಟರೆ ಅವನ ಊರೇ ಬದಲಾಗುತ್ತದೆ. ನನಗೆ ತೋಚುವುದು ಇಷ್ಟು: ಹುಡುಗನ ಮಾತು ಸರಾಗವಾಗಿಯೇ ಇರಲಿ, ಸೈನ್ಯದ ಸಾಹೇಬರ ಬಾಯಿಗೆ ನಮ್ಮ ಕಚೇರಿ ಕನ್ನಡ ಹಾಕೋಣ. 'ಸದರಿ ವಿಷಯದಲ್ಲಿ ಮೇಲ್ಕಂಡ ಆದೇಶದನ್ವಯ ಅಗತ್ಯ ಕ್ರಮ ಕೈಗೊಳ್ಳತಕ್ಕದ್ದು.' ಅಬ್ಬಾ, ಎಷ್ಟು ಚೆಂದ ಮಾತಾಡ್ತಾರೆ ಎಂದುಕೊಂಡು ಕ್ಲೀನರ್ ಹುಡುಗ ಲಾರಿಯಿಂದ ಇಳಿದು ಸಾಲಿನಲ್ಲಿ ನಿಲ್ಲುತ್ತಾನೆ.

– ಸಂ.