ಔಷಧಿಗೆ ಬಗ್ಗದ ಫಂಗಸ್ ಸೋಂಕು ಎಸೆನ್ಷಿಯಲ್ ಆಯಿಲ್‌ನಿಂದ ವಾಸಿಯಾಗುತ್ತದೆಯೇ?

ಎಸೆನ್ಷಿಯಲ್ ಆಯಿಲ್ ಅಂದರೆ ಗಿಡಗಳಿಂದ ತೆಗೆದ ಘಮಘಮಿಸುವ ಎಣ್ಣೆ. ಇದರಿಂದ ಲ್ಯಾಬಿನ ಗಾಜಿನ ತಟ್ಟೆಯಲ್ಲಿ ಫಂಗಸ್ ಸಾಯುತ್ತದೆ, ನಿಜ. ಆದರೆ ಮೈಯೊಳಗಿನ ಸೋಂಕಿಗೆ ಇದು ಇನ್ನೂ ಔಷಧಿಯಾಗಿಲ್ಲ.

ಫಂಗಸ್ ಸೋಂಕಿಗೆ ಕೊಡುವ ಫ್ಲುಕೊನಜೋಲ್‌ನಂಥ ಮಾತ್ರೆ ಒಂದೇ ಒಂದು ಕಿಣ್ವವನ್ನು ತಡೆಯುತ್ತದೆ. ಫಂಗಸ್ ತನ್ನ ಜೀವಕೋಶದ ಹೊರಪೊರೆಗೆ ಬೇಕಾದ ಎರ್ಗೊಸ್ಟೆರಾಲ್ ಎಂಬ ಕೊಬ್ಬಿನಂಥ ವಸ್ತುವನ್ನು ಮಾಡಿಕೊಳ್ಳುವುದು ಆ ಕಿಣ್ವದಿಂದಲೇ. ಫಂಗಸ್ ಅದರ ಆಕಾರವನ್ನು ಸ್ವಲ್ಪ ಬದಲಿಸಿಕೊಂಡರೆ ಸಾಕು, ಮಾತ್ರೆ ಅಂಟಿಕೊಳ್ಳುವುದಿಲ್ಲ. ಇಲ್ಲವೇ ಒಳಗೆ ಬಂದ ಔಷಧಿಯನ್ನೇ ಪಂಪ್ ಮಾಡಿ ಹೊರಹಾಕುತ್ತದೆ. 2009ರಲ್ಲಿ ಮೊದಲು ವರದಿಯಾದ ಕ್ಯಾಂಡಿಡಾ ಆರಿಸ್ ಎಂಬ ಫಂಗಸ್ ಈ ಎರಡೂ ದಾರಿ ಹಿಡಿಯುತ್ತದೆ.

ಲವಂಗದ ಎಣ್ಣೆಯಲ್ಲಿರುವ ಯೂಜೆನಾಲ್, ಓಮದ ಎಣ್ಣೆಯಲ್ಲಿರುವ ಥೈಮಾಲ್ ಹಾಗಲ್ಲ. ಇವು ನೇರವಾಗಿ ಪೊರೆಯೊಳಕ್ಕೇ ನುಸುಳಿ ಅದನ್ನು ಸಡಿಲಿಸುತ್ತವೆ. ಕಿತ್ತಳೆ ಸಿಪ್ಪೆ ಹಿಂಡಿದಾಗ ಚಿಮ್ಮುವ ಎಣ್ಣೆ ತಾಗಿದರೆ ಉಬ್ಬಿದ ಬಲೂನ್ ಪಟ್ ಅಂತ ಒಡೆಯುತ್ತದಲ್ವಾ, ಹೆಚ್ಚುಕಡಿಮೆ ಹಾಗೆಯೇ. ಪೊರೆ ಸೋರಿ ಫಂಗಸ್ ಸಾಯುತ್ತದೆ. ಕಿಣ್ವ ಬದಲಿಸಿಕೊಂಡ ಜಾಣತನ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ತೊಡಕೂ ಅಲ್ಲೇ ಇದೆ. ನಮ್ಮ ಜೀವಕೋಶಗಳಿಗೂ ಕೊಬ್ಬಿನ ಪೊರೆಯೇ ಇರುವುದು. ಫಂಗಸ್ ಸಾಯುವಷ್ಟು ಎಣ್ಣೆ ರಕ್ತಕ್ಕೆ ಸೇರಿದರೆ ನಮಗೂ ಪೆಟ್ಟು. ಲವಂಗದ ಎಣ್ಣೆ ಜಾಸ್ತಿ ನುಂಗಿದರೆ ಲಿವರ್ ಕೆಡುತ್ತದೆ. ಮೇಲಾಗಿ ಇವು ನೀರಿನಲ್ಲಿ ಕರಗುವುದಿಲ್ಲ, ಬೇಗ ಆವಿಯಾಗುತ್ತವೆ. ಹಾಗಾಗಿ ಹಳೆಯ ಮಾತ್ರೆಯ ಜೊತೆ ಸ್ವಲ್ಪವೇ ಬೆರೆಸಿ ಅದರ ಬಲ ಹೆಚ್ಚಿಸುವ ಪ್ರಯತ್ನ ನಡೆದಿದೆ. ನನಗೆ ಹೆಚ್ಚು ಭರವಸೆ ಇರುವುದು ಇದರಲ್ಲೇ.

ಹುಳುಕಡ್ಡಿಗೆ ಅಂತ ಸುಮ್ನೆ ಅಪ್ಪಟ ಎಣ್ಣೆ ಹಚ್ಚಬೇಡಿ, ಚರ್ಮ ಸುಡುತ್ತದೆ. ಡಾಕ್ಟರಿಗೆ ತೋರಿಸಿ.