ಹೈಡ್ರೋಜನ್ ಕಾರಿಗೆ ಕಾಯಬೇಕಾ?

ಹೊಗೆ ಬದಲು ನೀರು ಬರುತ್ತದೆ ಅಂದಮೇಲೆ ಹೈಡ್ರೋಜನ್ ಕಾರು ಪೂರ್ತಿ ಶುದ್ಧ ಅಲ್ವಾ, ಇದಕ್ಕೇ ಕಾಯಲಾ ಅಂತ ಕೇಳಿದ್ದೀರಿ. ಸುಮ್ನೆ ಕಾಯಬೇಡಿ. ಟೊಯೋಟಾ ಮಿರಾಯ್ ಅನ್ನೋ ಹೈಡ್ರೋಜನ್ ಕಾರಿನ ಟ್ಯಾಂಕುಗಳಲ್ಲಿ 700 ಬಾರ್ ಒತ್ತಡದಲ್ಲಿ ಸುಮಾರು 5.6 ಕೆ.ಜಿ. ಹೈಡ್ರೋಜನ್ ಹಿಡಿಯುತ್ತದೆ, ತುಂಬಿಸಲು ಐದು ನಿಮಿಷ ಸಾಕು, ಫ್ಯುಯೆಲ್ ಸೆಲ್‌ನಲ್ಲಿ ಅದು ಗಾಳಿಯ ಆಮ್ಲಜನಕದ ಜೊತೆ ಸೇರಿ ಕರೆಂಟ್ ಕೊಡುತ್ತದೆ, ಹಿಂದೆ ನೀರು ತೊಟ್ಟಿಕ್ಕುತ್ತದೆ. ನಿಜಕ್ಕೂ ಚೆಂದದ ಕೆಲಸ. ಆದರೆ ಆ ಹೈಡ್ರೋಜನ್ ಎಲ್ಲಿಂದ ಬಂತು? ಇವತ್ತು ಬಹುಪಾಲು ನೈಸರ್ಗಿಕ ಅನಿಲ, ಕಲ್ಲಿದ್ದಲಿನಿಂದಲೇ. ನೀರನ್ನು ಒಡೆದು ಮಾಡಿದರೆ ಕೆ.ಜಿ.ಗೆ 50 ಯೂನಿಟ್‌ಗೂ ಜಾಸ್ತಿ ಕರೆಂಟ್ ಬೇಕು. ಅದೇ ಕರೆಂಟನ್ನು ಬ್ಯಾಟರಿ ಕಾರಿಗೆ ಹಾಕಿದರೆ ಎರಡು ಪಟ್ಟಿಗೂ ಹೆಚ್ಚು ದೂರ ಓಡುತ್ತದೆ. ದೂರ ಓಡುವ ಭಾರದ ಲಾರಿಗಳಿಗೆ ಹೈಡ್ರೋಜನ್ ಬರಲಿ ಅಂತ ನನಗೂ ಆಸೆಯಿದೆ. ನಿಮ್ಮ ದಿನದ ಓಡಾಟಕ್ಕೆ ಬ್ಯಾಟರಿ ಕಾರೇ ತಗೊಳ್ಳಿ.